ಕೃಷ್ಣಾತೀರದ ಶರ್ಯತ್ತಿನ ಕುದುರೆ

ಕುದುರೆ ಓಟವೆಂದೊಡನೆ ನಗರವಾಸಿಗಳ ಕಣ್ಣೆದುರು ನಿಲ್ಲುವುದು ಹಸಿರು ಮೈದಾನ, ಬಣ್ಣದ ಅಂಗಿ ತೊಟ್ಟ ಸವಾರರು, ಪಣ ಕಟ್ಟುವ ಜನಜಂಗುಳಿ. ಆಂಗ್ಲರು ತಂದ ಈ ವಿನೋದವು ಮದರಾಸಿನ ಗಿಂಡಿಯಲ್ಲಿ ೧೭೭೭ರಲ್ಲಿ ಬೇರುಬಿಟ್ಟಿತು. ಮುಂಬಯಿಯ ಮಹಾಲಕ್ಷ್ಮಿ ಮೈದಾನ ೧೮೮೩ರಲ್ಲಿ, ಮೈಸೂರಿನ ರೇಸ್ ಕ್ಲಬ್ಬು ೧೮೯೧ರಲ್ಲಿ ತಲೆಯೆತ್ತಿದವು. ಆದರೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಕುದುರೆ ಓಡುವುದು ಊರ ಜಾತ್ರೆಯಲ್ಲಿ, ಹೊಲಗಳ ನಡುವಿನ ದಾರಿಯಲ್ಲಿ, ಗಾಡಿಯನ್ನು ಎಳೆಯುತ್ತ. ಮರಾಠಿಯಿಂದ ಬಂದ ‘ಶರ್ಯತ್ತು’ ಎಂಬುದೇ ಇಲ್ಲಿ ಅದರ ಹೆಸರು. ಅದನ್ನು ಕಣ್ಣಾರೆ ಕಾಣಬೇಕೆಂದು ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ನಾವು ಕುಟುಂಬ ಸಮೇತರಾಗಿ ನಿಪ್ಪಾಣಿಯಿಂದ ಹೊರಟೆವು.

ತಂಬಾಕಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿಗೆ ಕುದುರೆಯ ನಂಟು ಹಳೆಯದು. ಪೇಶವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಇಲ್ಲಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರರು ಸರಲಷ್ಕರ್ ಎಂಬ ಬಿರುದು ಪಡೆದಿದ್ದರು. ಮರಾಠರ ದಂಡಿನಲ್ಲಿ ಸರಕಾರದ ಕುದುರೆ ಏರಿದವನು ಬಾರಗೀರ, ಸ್ವಂತ ಕುದುರೆ ತಂದವನು ಶಿಲೇದಾರ. ದಂಡುಗಳ ಕಾಲ ಮುಗಿಯಿತು. ಟಾಂಗಾಗಳ ಕಾಲವೂ ಸಂದಿತು. ಆದರೂ ಕುದುರೆಯ ಮೇಲಿನ ಈ ನಾಡಿನ ವ್ಯಾಮೋಹ ಆರಲಿಲ್ಲ.

ಚಿಕ್ಕೋಡಿ ದಾಟಿ ರಾಯಬಾಗದ ಕಡೆಗೆ ಸಾಗುವಾಗ ಕುರುಬರ ಹಿಂಡೊಂದು ಎದುರಾಯಿತು. ಗಿಡ್ಡ ಕುದುರೆಗಳ ಬೆನ್ನಮೇಲೆ ಇಡೀ ಸಂಸಾರವೇ ಇತ್ತು: ಕಂಬಳಿ, ಪಾತ್ರೆ, ಕೋಳಿ, ಆಗತಾನೆ ಹುಟ್ಟಿದ ಕುರಿಮರಿ. ನೆರೆಯ ಮಹಾರಾಷ್ಟ್ರದ ಕುರಿಗಾಹಿಗಳು ಸಾಕುವ ಇಂತಹುದೇ ಭೀಮಥಡಿ ಕುದುರೆಯು ೨೦೨೪ರ ಹೊತ್ತಿಗೆ ದೇಶದ ಅಧಿಕೃತ ತಳಿಗಳ ಸಾಲಿಗೆ ಸೇರಿದೆ. ಓಟದ ಕುದುರೆಗೆ ಸಿಗುವ ಜಯಕಾರ ಈ ಹೊರೆಯ ಕುದುರೆಗೆ ಎಂದೂ ಸಿಗದು.

ಮಾಯಕ್ಕದೇವಿಯ ಚಿಂಚಲಿಗೆ ಹೋಗುವ ಭಕ್ತರ ಗಾಡಿಗಳನ್ನು ನೋಡುತ್ತ ಕುಡಚಿಗೆ ಬಂದು ಕೃಷ್ಣೆಯನ್ನು ದಾಟಿದೆವು. ಆಚೆ ದಡದ ಉಗಾರದಲ್ಲಿ ೧೯೩೯ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿದೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಮೊದಲು ಅಥಣಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಕಾಗವಾಡದ ಸೀಮೆಯ ಒಂದು ಹಳ್ಳಿಯಲ್ಲಿ ಅಂದು ಶರ್ಯತ್ತು ನಡೆದಿತ್ತು.

ಮೊದಲು ಜೋಡೆತ್ತಿನ ಗಾಡಿ, ಬಳಿಕ ಒಂದು ಕುದುರೆ ಒಂದು ಎತ್ತು ಹೂಡಿದ ಗಾಡಿ, ಕೊನೆಗೆ ಕುದುರೆ ಗಾಡಿ. ಎತ್ತು ಕುದುರೆಗಳ ಜೋಡಿ ನಮ್ಮೆದುರು ಹಾಯ್ದಾಗ ಎತ್ತಿನ ಬಾಯಲ್ಲಿ ನೊರೆ ಕಂಡಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಿಡುಸುಯ್ದರು. “ಕುದರಿ ಹೆಜ್ಜಿ ಬ್ಯಾರೆ, ಎತ್ತಿನ ಹೆಜ್ಜಿ ಬ್ಯಾರೆ ನೋಡ್ರಿ. ಎರಡಕ್ಕೂ ಒಂದ ನೊಗ ಹಾಕಿದ್ರ ದಣಿಯೂದು ಎತ್ತ.”

ಕುದುರೆ ಗಾಡಿಗಳು ಹೊರಟವು. ಎರಡು ಗಾಲಿಯ ಹಗುರ ಗಾಡಿಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದಂತೆ ನಮ್ಮ ಕಿರಿಯ ಮಗ “ಹೊಡಿ, ಹೊಡಿ” ಎಂದು ಕೂಗಿದನು. ತಡೆಯಬೇಕಾದ ನಾವೂ ಅವನೊಡನೆ ಕೂಗಿದೆವು. ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ ಕಂದು ಕುದುರೆಯ ಹೆಜ್ಜೆ ತಪ್ಪಿತು. ಗಾಡಿಯ ತರುಣನು ಲಗಾಮು ಎಳೆದು, ಕೆಳಗಿಳಿದು, ಅದರ ಮುಂಗಾಲನ್ನು ಹಿಡಿದು ನೋಡತೊಡಗಿದನು. ಉಳಿದ ಗಾಡಿಗಳು ಮುಂದೆ ಹೋದವು. ಕೆಲವರು ನಕ್ಕರು. ಬಹುಮಾನ ಬಿಟ್ಟಿರಲ್ಲ ಎಂದು ನಾವು ಕೇಳಿದಾಗ ಅವನು ಹೇಳಿದ್ದಿಷ್ಟೆ: “ಶರ್ಯತ್ತ ಮುಂದಿನ ವರ್ಸನೂ ಬರತೈತ್ರಿ. ಕುದರಿ ಕಾಲ ಹೋದ್ರ ತಿರಗಿ ಬರೂದಿಲ್ಲ.” ನಮ್ಮ ತಲೆ ತಗ್ಗಿತು.

ಈ ಓಟಗಳ ಹಿಂದೆ ದೀರ್ಘವಾದ ನ್ಯಾಯದ ಜಗ್ಗಾಟವೂ ಇದೆ. ೨೦೧೪ರ ಮೇ ೭ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನೊಡನೆ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. ಬಳಿಕ ಕರ್ನಾಟಕವು ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶವೀಯುವ ತಿದ್ದುಪಡಿಯನ್ನು ತಂದಿತು. ೨೦೨೩ರ ಮೇ ೧೮ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾನೂನು ಅನುಮತಿ ಕೊಡಬಲ್ಲುದು, ನಿಯಮಗಳನ್ನು ವಿಧಿಸಬಲ್ಲುದು. ಆದರೆ ಓಟದ ನಡುವೆ ಲಗಾಮು ಎಳೆಯುವ ಮನಸ್ಸನ್ನು ಅದು ಕೊಡಲಾರದು.

ಸಂಜೆ ಅಥಣಿಯನ್ನು ಸೇರಿ, ಮುರುಘೇಂದ್ರ ಶಿವಯೋಗಿಗಳು ನೆಲೆಸಿದ್ದ ಗಚ್ಚಿನಮಠದಲ್ಲಿ ಕುಳಿತೆವು. ೧೮೩೬ರಿಂದ ೧೯೨೧ರವರೆಗೆ ಬಾಳಿದ ಆ ಮಹಾತ್ಮರ ಸನ್ನಿಧಿಯಲ್ಲಿ ಮನಸ್ಸು ತಾನಾಗಿ ಶಾಂತವಾಯಿತು. ನಮ್ಮ ಮಗನು ಮೆಲ್ಲನೆ ಕೇಳಿದನು: “ಅಪ್ಪಾ, ಇವತ್ತು ಗೆದ್ದವರು ಯಾರು?” ಬಹುಮಾನ ಪಡೆದವನ ಹೆಸರು ನಮಗೆ ನೆನಪಿರಲಿಲ್ಲ. ಕಂದು ಕುದುರೆಯ ಕಾಲು ಹಿಡಿದು ಕುಳಿತವನ ಮುಖ ಮಾತ್ರ ಕಣ್ಣಿಗೆ ಕಟ್ಟಿತ್ತು. ದಯೆಯನ್ನು ಧರ್ಮದ ಬುಡದಲ್ಲಿರಿಸಿದ ಶರಣರ ಮಕ್ಕಳಾದ ನಾವು ಜಾತ್ರೆಗೆ ಹೋಗೋಣ, ಶರ್ಯತ್ತನ್ನೂ ನೋಡೋಣ. ಆದರೆ ‘ಹೊಡಿ’ ಎನ್ನುವ ದನಿ ನಮ್ಮದಾಗದಿರಲಿ.