ಆಕಾಶದಿಂದ ಕಾಣದ ಎದೆಯೊಳಗು

ನಮ್ಮ ಮದ್ರಸದ ಮೇಲಿನ ತರಗತಿಯಲ್ಲಿ ಪ್ರತಿವರ್ಷವೂ ನಾವು ಉಸಾಮಾ ಬಿನ್ ಝೈದ್(ರ)ರ ಪ್ರಸಂಗವನ್ನು ಪಾಠ ಮಾಡುತ್ತೇವೆ. ಯುದ್ಧವೊಂದರಲ್ಲಿ ಶತ್ರುವೊಬ್ಬನು ಅವರ ಕೈಗೆ ಸಿಕ್ಕಿದನು; ಸಿಕ್ಕಿದೊಡನೆ ಕಲಿಮಾ ಉಚ್ಚರಿಸಿದನು. ಜೊತೆಗಿದ್ದ ಅನ್ಸಾರಿ ಸಹಾಬಿ ಕೈ ತಡೆದರು, ಉಸಾಮಾ(ರ) ತಡೆಯಲಿಲ್ಲ. ವಿಷಯವು ಪ್ರವಾದಿವರ್ಯರಿಗೆ(ಸ) ತಿಳಿದಾಗ, ಅವನು ಆಯುಧಕ್ಕೆ ಹೆದರಿ ಹಾಗೆ ಹೇಳಿದನೆಂದು ಉಸಾಮಾ(ರ) ಸಮಜಾಯಿಷಿ ನೀಡಿದರು. ಅವನ ಎದೆಯನ್ನು ಸೀಳಿ ನೋಡಿದೆಯಾ ಎಂದು ಪ್ರವಾದಿ(ಸ) ಕೇಳಿದರು. ಅಂದಿನ ದಿನಕ್ಕಿಂತ ಮೊದಲು ತಾನು ಮುಸ್ಲಿಮನೇ ಆಗಿರದಿದ್ದರೆ ಚೆನ್ನಾಗಿತ್ತು ಎಂದು ಉಸಾಮಾ(ರ)ರಿಗೆ ಅನಿಸುವವರೆಗೂ ಪ್ರವಾದಿಯವರ ವಿಚಾರಣೆ ನಿಲ್ಲಲಿಲ್ಲ.

2021ರ ಡಿಸೆಂಬರಿನಲ್ಲಿ ಈ ಪಾಠ ಮುಗಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಉಸ್ತಾದರೇ, ಕಾಬೂಲಿನಲ್ಲಿ ಮಕ್ಕಳನ್ನು ಕೊಂದವರನ್ನು ಹೀಗೆ ಕೇಳುವವರು ಯಾರು?" ಎಂದ. ನಾಳೆ ಹೇಳುವೆವೆಂದು ಪುಸ್ತಕ ಮುಚ್ಚಿದೆವು. ಉತ್ತರ ತಿಳಿಯದ್ದರಿಂದ ಮಾತ್ರ ಮುಚ್ಚಿದ್ದಲ್ಲ. ಅದಕ್ಕೆ ಬೇರೊಂದು ಕಾರಣವೂ ಇತ್ತು.

ಅದೇ ವರ್ಷ ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಆತ್ಮಹತ್ಯಾ ದಾಳಿ ನಡೆದು 13 ಮಂದಿ ಅಮೆರಿಕನ್ ಯೋಧರೂ ನೂರಕ್ಕೂ ಹೆಚ್ಚು ಅಫ್ಘಾನರೂ ಬಲಿಯಾಗಿದ್ದರು. ಮೂರು ದಿನಗಳ ಬಳಿಕ ಅಮೆರಿಕದ ಡ್ರೋನ್ ಒಂದು ಬಿಳಿ ಕಾರಿನ ಮೇಲೆ ಕ್ಷಿಪಣಿ ಹಾರಿಸಿತು. ಮತ್ತೊಂದು ದಾಳಿಗೆ ಹೊರಟಿದ್ದ ಉಗ್ರರನ್ನು ಹೊಡೆದೆವೆಂದು ಸೇನೆ ಸಾರಿತು. ಆ ಸುದ್ದಿ ಓದಿ ನಾವೂ ನಂಬಿದೆವು. ಅಮಾಯಕರ ರಕ್ತ ಹರಿಸುವವರಿಗೆ ತಕ್ಕ ಶಾಸ್ತಿಯಾಯಿತೆಂದು ಇಶಾ ನಮಾಝಿನ ನಂತರ ಮಸೀದಿಯ ಜಗಲಿಯಲ್ಲಿ ಕುಳಿತು ಹೇಳಿಯೂ ಬಿಟ್ಟೆವು.

ಸೆಪ್ಟೆಂಬರ್ 17ರಂದು ಸೇನೆಯೇ ತನ್ನ ತಪ್ಪನ್ನು ಒಪ್ಪಿಕೊಂಡಿತು. ಸತ್ತವರು ಹತ್ತು ಮಂದಿ. ಅವರಲ್ಲಿ ಏಳು ಮಂದಿ ಮಕ್ಕಳು. ಕಾರನ್ನು ಓಡಿಸುತ್ತಿದ್ದವರು ನೆರವು ಸಂಸ್ಥೆಯೊಂದರ ನೌಕರ. ಸುಮಾರು ಎಂಟು ಗಂಟೆಗಳ ಕಾಲ ಆಕಾಶದಿಂದ ಆ ಕಾರನ್ನು ಹಿಂಬಾಲಿಸಿದ ಕಣ್ಣುಗಳು ಸ್ಫೋಟಕವೆಂದು ಶಂಕಿಸಿದ್ದು ಮನೆಗೆ ಒಯ್ಯುತ್ತಿದ್ದ ನೀರಿನ ಕ್ಯಾನುಗಳನ್ನೆಂದು ಪತ್ರಕರ್ತರ ತನಿಖೆ ತೋರಿಸಿತ್ತು. ಪರಿಹಾರ ನೀಡುವ ಮಾತು ಬಂತು. ಆದರೆ ಡಿಸೆಂಬರಿನಲ್ಲಿ, ಯಾರಿಗೂ ಶಿಕ್ಷೆಯಿಲ್ಲವೆಂಬ ತೀರ್ಮಾನವೂ ಬಂತು. ಹುಡುಗ ಕೇಳಿದ್ದು ಅದನ್ನೇ.

ನಿಯಮಗಳು ಇರಲಿಲ್ಲವೆಂದಲ್ಲ. 2013ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ, ಘೋಷಿತ ಯುದ್ಧಭೂಮಿಯ ಹೊರಗೆ ದಾಳಿ ನಡೆಸುವ ಮುನ್ನ ನಾಗರಿಕರಿಗೆ ಸಾವುನೋವು ಆಗದೆಂಬುದು ಬಹುತೇಕ ಖಚಿತವಾಗಿರಬೇಕೆಂದು ವಿಧಿಸಿದರು. 2016ರಲ್ಲಿ ಅವರ ಸರಕಾರ ಲೆಕ್ಕವನ್ನೂ ಕೊಟ್ಟಿತು: 2009ರಿಂದ 2015ರವರೆಗೆ ಅಂತಹ ಪ್ರದೇಶಗಳಲ್ಲಿ 473 ದಾಳಿಗಳು, 64ರಿಂದ 116 ಮಂದಿ ಯೋಧರಲ್ಲದವರ ಸಾವು. ಲಂಡನ್ನಿನ ತನಿಖಾ ಪತ್ರಕರ್ತರ ಲೆಕ್ಕದಲ್ಲಿ ಆ ಸಂಖ್ಯೆ 380ರಿಂದ 801. ಸಿ.ಐ.ಎ. ದಾಳಿಗಳನ್ನೂ ಒಳಗೊಂಡ ಈ ವಾರ್ಷಿಕ ಲೆಕ್ಕದ ಆಜ್ಞೆಯನ್ನು 2019ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ರದ್ದುಪಡಿಸಿದರು. 2022ರಲ್ಲಿ ಬೈಡನ್ ಮತ್ತೆ ನಿಯಮ ಬಿಗಿಗೊಳಿಸಿದರು. ಅಧ್ಯಕ್ಷರು ಬದಲಾದಂತೆ ದೂರದ ಹಳ್ಳಿಯೊಂದರ ಜೀವಗಳ ಬೆಲೆಯೂ ಬದಲಾಗುತ್ತ ಹೋಯಿತು.

ಡ್ರೋನ್ ಬೆಂಬಲಿಗರ ವಾದವನ್ನೂ ಕೇಳಬೇಕು. ಊರಿಗೆ ಸೇನೆ ನುಗ್ಗಿಸುವುದಕ್ಕಿಂತ, ಬಾಂಬುಗಳ ಮಳೆ ಸುರಿಸುವುದಕ್ಕಿಂತ ಇದರಲ್ಲಿ ಸಾಯುವವರು ಕಡಿಮೆ ಎನ್ನುತ್ತಾರೆ. ಇರಬಹುದು. ಆದರೆ ಸತ್ತವನು ಯಾರೆಂದು ಎಣಿಸುವವರು ಯಾರು? ದಾಳಿಯ ವಲಯದಲ್ಲಿ ಸತ್ತ ಯುವಕರನ್ನು, ನಿರಪರಾಧಿಯೆಂಬ ಸಾಕ್ಷ್ಯ ನಂತರ ಸಿಗದಿದ್ದರೆ, ಯೋಧರೆಂದೇ ಎಣಿಸಲಾಗುತ್ತಿತ್ತೆಂದು 2012ರಲ್ಲಿ ಅಮೆರಿಕದ ಪತ್ರಿಕೆಗಳೇ ವರದಿ ಮಾಡಿದವು. ಹೆಸರು ತಿಳಿಯದೆ, ನಡವಳಿಕೆಯ ಚಹರೆಯನ್ನಷ್ಟೇ ನೋಡಿ ಹೊಡೆದ ದಾಳಿಗಳೂ ಇದ್ದವು. ಎದೆ ಸೀಳಿ ನೋಡುವ ಮಾತಿರಲಿ, ಮುಖವನ್ನೂ ನೋಡಿರಲಿಲ್ಲ.

2012ರ ಅಕ್ಟೋಬರಿನಲ್ಲಿ, ಬಕ್ರೀದ್ ಹಬ್ಬ ಸಮೀಪಿಸಿದ್ದಾಗ, ಉತ್ತರ ವಝೀರಿಸ್ತಾನದ ಹೊಲವೊಂದರಲ್ಲಿ ಬೆಂಡೆಕಾಯಿ ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ಡ್ರೋನಿಗೆ ಬಲಿಯಾದರು. ಅವರ ಮಗ ನಮ್ಮಂತೆಯೇ ಶಾಲಾ ಮೇಷ್ಟ್ರು. ಮರುವರ್ಷ ಗಾಯಗೊಂಡಿದ್ದ ತನ್ನ ಮಕ್ಕಳನ್ನು ಕರೆದುಕೊಂಡು ಅಮೆರಿಕದ ಸಂಸತ್ತಿನ ಮುಂದೆ ಹೋದರು. ಕೇಳಲು ಬಂದ ಸಂಸದರು ಐವರು ಮಾತ್ರ. ಹದಿಮೂರರ ಬಾಲಕ ಅಲ್ಲಿ, ತನಗೆ ನೀಲಿ ಆಕಾಶ ಈಗ ಇಷ್ಟವಿಲ್ಲ, ಮೋಡ ಕವಿದರೆ ಡ್ರೋನ್ ಹಾರದು ಎಂಬರ್ಥದಲ್ಲಿ ಹೇಳಿದ. ಅಲ್ಲಾಹನ ಸೃಷ್ಟಿಯ ಸೌಂದರ್ಯವನ್ನು ನೋಡಿರೆಂದು ನಾವು ಆಕಾಶದತ್ತ ಬೆರಳು ತೋರಿಸಿ ಮಕ್ಕಳಿಗೆ ಕಲಿಸುತ್ತೇವೆ. ಆ ಮೇಷ್ಟ್ರು ತನ್ನ ಮಕ್ಕಳಿಗೆ ಏನೆಂದು ಕಲಿಸಬೇಕು?

ಮರುದಿನ ತರಗತಿಯಲ್ಲಿ ಬನೂ ಜಝೀಮಾ ಗೋತ್ರದ ಪ್ರಸಂಗ ಹೇಳಿದೆವು. ಆ ಜನರ ಮಾತನ್ನು ಸರಿಯಾಗಿ ಅರ್ಥೈಸದೆ ಖಾಲಿದ್ ಬಿನ್ ವಲೀದ್(ರ) ಅವರಲ್ಲಿ ಹಲವರನ್ನು ಕೊಲ್ಲಿಸಿದರು. ಪ್ರವಾದಿ(ಸ) ತಮ್ಮ ಸೇನಾನಿಯ ಕೃತ್ಯವನ್ನು ಮುಚ್ಚಿಡಲಿಲ್ಲ. ಕೈಗಳನ್ನೆತ್ತಿ, ಈ ಕೃತ್ಯಕ್ಕೂ ತನಗೂ ಸಂಬಂಧವಿಲ್ಲವೆಂದು ಅಲ್ಲಾಹನ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದರು. ಅಲೀ(ರ)ರನ್ನು ಕಳುಹಿಸಿ ಪ್ರತಿಯೊಂದು ಜೀವಕ್ಕೂ ರಕ್ತಪರಿಹಾರ ಕೊಡಿಸಿದರು. ನಾಯಿಗೆ ನೀರಿಡುವ ಪಾತ್ರೆಯ ಬೆಲೆಯನ್ನೂ ಬಿಡಲಿಲ್ಲವೆಂದು ಚರಿತ್ರಕಾರರು ಬರೆದಿದ್ದಾರೆ. ಅಧಿಕಾರದಲ್ಲಿ ಇರುವವನು ತನ್ನವರನ್ನೇ ಪ್ರಶ್ನಿಸಬೇಕು, ಮಗು ಕೇಳಿದ್ದಕ್ಕೆ ಅದೇ ಉತ್ತರ. ಅವನು ಕೇಳದಿದ್ದರೆ ಪರಲೋಕದಲ್ಲಿ ಕೇಳುವವನಿದ್ದಾನೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಉತ್ತರ ಅರ್ಧವಾಗುತ್ತಿತ್ತು. ಹಗೆತನವು ನ್ಯಾಯದಿಂದ ನಮ್ಮನ್ನು ಸರಿಸಬಾರದೆಂದು ಅಲ್ ಮಾಇದಾ ಅಧ್ಯಾಯ ಕಲಿಸುತ್ತದೆ. ಹಾಗಾಗಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಸಿಡಿದವನನ್ನೂ, ಮಾರುಕಟ್ಟೆಯಲ್ಲಿ ಬಾಂಬಿಟ್ಟವನನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ನಮ್ಮದೇ ಹೆಸರು ಹೊತ್ತವನೆಂದು ರಿಯಾಯಿತಿ ಇಲ್ಲ.

ಕೊನೆಗೆ ಅಂದಿನ ಜಗಲಿಯ ಮಾತನ್ನು ಮಕ್ಕಳ ಮುಂದೆ ಒಪ್ಪಿಕೊಂಡೆವು. ಸುದ್ದಿ ಬಂದರೆ ಪರಿಶೀಲಿಸಿರಿ, ಅರಿಯದೆ ಇತರರಿಗೆ ಕೇಡು ಮಾಡಿ ಪರಿತಪಿಸುವಂತಾಗಬಾರದು ಎಂಬ ಅಲ್ ಹುಜುರಾತ್ ಅಧ್ಯಾಯದ ಬೋಧನೆಯನ್ನು ಇಪ್ಪತ್ತು ವರ್ಷ ಪಾಠ ಹೇಳಿದವರು ನಾವು. ಏಳು ಮಕ್ಕಳ ಸಾವಿಗೆ ತಕ್ಕ ಶಾಸ್ತಿಯೆಂದವರೂ ನಾವೇ. ಕ್ಷಿಪಣಿಯ ಗುಂಡಿ ನಮ್ಮ ಕೈಯಲ್ಲಿ ಇರಲಿಲ್ಲ, ನಾಲಗೆ ಮಾತ್ರ ಇತ್ತು. ಹುಡುಗ ಏನೂ ಹೇಳದೆ ಕುಳಿತ.

ಆ ಸಂಜೆ ಜಗಲಿಯಲ್ಲಿ ನಮ್ಮ ಮಾತಿಗೆ ತಲೆದೂಗಿದ್ದವರನ್ನು ಒಬ್ಬೊಬ್ಬರಾಗಿ ಕಂಡು, ಅಂದು ಹೇಳಿದ್ದು ತಪ್ಪು ಎಂದು ತಿಳಿಸಿ ಬಂದೆವು. ಅರಿಯದ ಎದೆಯ ಮೇಲೆ ತೀರ್ಪು ಕೊಡುವ ಆತುರದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.