ಪುಕ್ಕಟೆಯ ಪೆಟ್ಟಿಗೆ

ಪುಣೆಯ ವಿಮಾನ ನಗರದಲ್ಲಿ ನಮ್ಮ ಮನೆ. ಲೋಹಗಾಂವ ವಿಮಾನ ನಿಲ್ದಾಣವು ಸಮೀಪದಲ್ಲಿರುವುದರಿಂದ ವಿಮಾನಗಳ ಸದ್ದಿಗೆ ಅಕ್ಕತಮ್ಮಂದಿರಾದ ನಾವು ಎಂದೋ ಒಗ್ಗಿಹೋಗಿದ್ದೇವೆ. ಆದರೆ ಕಳೆದ ವರ್ಷ ಮನೆಗೆ ಬಂದ ಪುಟ್ಟ ಪೆಟ್ಟಿಗೆಯೊಂದು ನಮ್ಮನ್ನು ಬೆರಗುಗೊಳಿಸಿತು. ತಂದೆಯವರು ಸಂಗೀತ ಕೇಳಿಸುವ ಸಂಸ್ಥೆಯೊಂದಕ್ಕೆ ಒಂದು ವರ್ಷದ ಚಂದಾ ಕಟ್ಟಿದಾಗ ಈ ಸ್ಮಾರ್ಟ್ ಸ್ಪೀಕರ್ ಪುಕ್ಕಟೆಯಾಗಿ ಬಂದಿತು. ಇಂತಹ ಕೊಡುಗೆ ಹೊಸದೇನಲ್ಲ. ೨೦೧೮ರಲ್ಲಿಯೇ ಅಮೆರಿಕದಲ್ಲಿ ಸ್ಪಾಟಿಫೈ ಸಂಸ್ಥೆಯು ತನ್ನ ಕುಟುಂಬ ಚಂದಾದಾರರಿಗೆ ಗೂಗಲ್ ಹೋಮ್ ಮಿನಿಯನ್ನು ಉಚಿತವಾಗಿ ಕೊಟ್ಟಿತ್ತು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂದು ನಾವೂ ಅದನ್ನು ಆದರದಿಂದ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆವು.

ಹೆಸರು ಹಿಡಿದು ಕರೆದೊಡನೆ ಪೆಟ್ಟಿಗೆಯು ಎಚ್ಚರಗೊಳ್ಳುತ್ತದೆ. ನಮ್ಮ ಮಾತನ್ನು ಅಂತರಜಾಲದ ಮೂಲಕ ದೂರದ ಗಣಕಯಂತ್ರಗಳಿಗೆ ಕಳುಹಿಸಿ, ಅಲ್ಲಿಂದ ಬಂದ ಹಾಡನ್ನು ಕೇಳಿಸುತ್ತದೆ. ಹಾಡು ಪೆಟ್ಟಿಗೆಯೊಳಗೆ ಇಲ್ಲವೆಂದು ತಿಳಿದಾಗ ನಮಗಾದ ಸೋಜಿಗ ಅಷ್ಟಿಷ್ಟಲ್ಲ.

ಗದಗಿನಿಂದ ಬಂದಿದ್ದ ಅಜ್ಜಿಯು ಒಂದು ಸಂಜೆ ಅದರ ಮುಂದೆ ಕುಳಿತು, “ಭೀಮಸೇನ ಜೋಶಿಯವರ ದಾಸರ ಪದ ಹಚ್ಚಪ್ಪಾ” ಎಂದರು. ಅರ್ಥವಾಗಲಿಲ್ಲವೆಂದು ಪೆಟ್ಟಿಗೆಯು ಇಂಗ್ಲಿಷಿನಲ್ಲಿ ಉತ್ತರಿಸಿತು. ಅಜ್ಜಿ ಮತ್ತೆ ಹೇಳಿದರು. ಅದು ಮತ್ತೆ ಅದನ್ನೇ ಹೇಳಿತು. ನಾವು ಬಿದ್ದು ಬಿದ್ದು ನಕ್ಕೆವು. ಬಳಿಕ ನಾವೇ ಇಂಗ್ಲಿಷಿನಲ್ಲಿ ಆಜ್ಞಾಪಿಸಿ ಹಾಡು ಹಚ್ಚಿದೆವು. ಅಜ್ಜಿ ಅದನ್ನು ಕೇಳಿದರು. ಆದರೆ ಮರುದಿನದಿಂದ ಯಾವ ಹಾಡನ್ನೂ ಕೇಳಲಿಲ್ಲ.

ವಾರ ಕಳೆದ ಮೇಲೆ ನಾವು ಕಾರಣವನ್ನು ವಿಚಾರಿಸಿದೆವು. “ಒಂದು ಪದಾ ಕೇಳಲಿಕ್ಕೆ ಮೊಮ್ಮಕ್ಕಳ ಕೈಲೆ ಅರ್ಜಿ ಹಾಕಿಸಬೇಕೇನೋ ತಮ್ಮಾ?” ಎಂದು ಅವರು ಮೆಲ್ಲನೆ ನುಡಿದರು. ಕನ್ನಡ ಶಾಲೆಯ ಮಕ್ಕಳಾದ ನಾವು ಕನ್ನಡದ ಮಾತಿಗೆ ನಕ್ಕಿದ್ದೆವು! ನಮ್ಮ ತಲೆ ತಾನಾಗಿ ತಗ್ಗಿತು.

ಅಂದು ಅಜ್ಜಿ ತಮ್ಮೂರಿನ ಕಥೆ ಹೇಳಿದರು. ೧೯೨೨ರಲ್ಲಿ ಹುಟ್ಟಿದ ಗದಗಿನ ಭೀಮಸೇನರು ಬಾಲ್ಯದಲ್ಲಿ ಅಂಗಡಿಯೊಂದರ ಮುಂದೆ ನಿಂತು ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿದರಂತೆ. ಆ ಹಾಡಿನ ಗುಂಗಿನಲ್ಲಿ ೧೯೩೩ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟರು. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. ಆ ಗುರುವಿನ ನೆನಪಿಗೆ ೧೯೫೩ರಲ್ಲಿ ಇದೇ ಪುಣೆಯಲ್ಲಿ ಅವರು ಆರಂಭಿಸಿದ ಸಂಗೀತೋತ್ಸವವು ಇಂದಿಗೂ ನಡೆಯುತ್ತಿದೆ. ಅಂಗಡಿಯ ಮುಂದೆ ಕೇಳಿದ ಹಾಡಿಗೆ ಅವರು ಕಾಸು ಕೊಡಬೇಕಾಗಿರಲಿಲ್ಲ. ತಮ್ಮ ಬಾಳನ್ನೇ ಕೊಟ್ಟರು.

ವರ್ಷ ತುಂಬಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ, ಚಂದಾ ಹಣ ತಾನಾಗಿ ಕಡಿತವಾಗುವ ೨೪ ಗಂಟೆ ಮೊದಲು ತಂದೆಯವರಿಗೆ ಸೂಚನೆ ಬಂದಿತು. ಪುಕ್ಕಟೆಯ ಪೆಟ್ಟಿಗೆ ಚಂದಾ ಇಲ್ಲದೆ ಹಾಡಲಾರದು. “ಮುಂದುವರಿಸಲೋ, ನಿಲ್ಲಿಸಲೋ?” ಎಂದು ತಂದೆಯವರು ಕೇಳಿದಾಗ, ನಾವು ಅಜ್ಜಿಯ ಮುಖ ನೋಡಿದೆವು.

“ಇರಲಿ ಬಿಡಪ್ಪಾ, ಪಾಪ, ಅದೂ ನಾಲ್ಕು ಕನ್ನಡ ಮಾತು ಕಲೀಲಿ” ಎಂದು ಅಜ್ಜಿ ನಕ್ಕರು.

ಈಗ ಪ್ರತಿ ಸಂಜೆ ಯಾವ ಪದ ಬೇಕೆಂದು ನಾವೇ ಮೊದಲು ಅಜ್ಜಿಯನ್ನು ಕೇಳುತ್ತೇವೆ. ಪದ ಮುಗಿದ ಮೇಲೆ ಅದರ ಅರ್ಥವನ್ನು ಅವರಿಂದ ಹೇಳಿಸಿಕೊಳ್ಳುತ್ತೇವೆ. ಪೆಟ್ಟಿಗೆ ಇನ್ನೂ ಕನ್ನಡ ಕಲಿತಿಲ್ಲ, ನಾವು ಕಲಿಯುತ್ತಿದ್ದೇವೆ.