ತಕರಾರು

ಭಾನುವಾರ ಬೆಳಿಗ್ಗೆ ಏಳು ಗಂಟೆ. ಲ್ಯಾಪ್‌ಟಾಪ್ ಪರದೆಯಲ್ಲಿ ಮೇಡಂ "ತೆಕ್ರಾರ್ ಕೊನೀದ್" ಅಂದರು. ಬೆಚ್ಚಿಬಿದ್ದೆ. ಮೊದಲ ಕ್ಲಾಸಿನಲ್ಲೇ ತಕರಾರಾ? ಆಮೇಲೆ ಗೊತ್ತಾಯ್ತು, ಫಾರ್ಸಿಯಲ್ಲಿ ತೆಕ್ರಾರ್ ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಹೇಳಿದ್ದನ್ನೇ ಹೇಳ್ತಾ ಇದ್ರೆ ಜಗಳ ಆಗದೆ ಇರುತ್ತಾ? ನಮ್ಮೂರು ಮುಟ್ಟುವಷ್ಟರಲ್ಲಿ ಪದವೇ ಜಗಳವಾಗಿಬಿಟ್ಟಿದೆ.

ವಾರವೆಲ್ಲ ಕೋಡ್ ಬರೆಯುವ ನಾನು ಮೂವತ್ತು ದಾಟಿದ ಮೇಲೆ ಇತಿಹಾಸದ ಎಂ.ಎ.ಗೆ ಸೇರಿದೆ. ಪ್ರಬಂಧಕ್ಕೆ ಸಿರಾ ಆರಿಸಿಕೊಂಡೆ. ಬಿಜಾಪುರದ ಆದಿಲ್‌ಶಾಹಿಗಳ ಕೈಲಿದ್ದ ಸಿರಾ 1687ರಲ್ಲಿ ಮೊಗಲರ ಪಾಲಾಗಿ, ಅವರ ಸುಬೆಯ ಕೇಂದ್ರವಾಯಿತು. ಮೊಗಲರ ಆಡಳಿತದ ಭಾಷೆ ಫಾರ್ಸಿ. ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಶ್ತಾ ಚರಿತ್ರೆ ಬರೆದದ್ದೂ ಫಾರ್ಸಿಯಲ್ಲೇ. "ಅನುವಾದ ನಂಬ್ಕೊಂಡು ಎಷ್ಟು ದಿನ ಬರೀತೀರಿ?" ಅಂದರು ಗೈಡ್.

32 ಅಕ್ಷರ ಅಂದಾಗ, ನಮ್ಮ ವರ್ಣಮಾಲೆಗಿಂತ ಕಡಿಮೆ ತಾನೇ ಅಂತ ಬೀಗಿದೆ. 'ಜ಼' ಸದ್ದಿಗೇ ನಾಲ್ಕು ಅಕ್ಷರ, 'ಸ'ಗೆ ಮೂರು. ಸಾಲದ್ದಕ್ಕೆ ಹ್ರಸ್ವ ಸ್ವರಗಳನ್ನು ಬರೆಯುವುದೇ ಇಲ್ಲ. ಕ, ರ, ಮ ಅಂತ ಮೂರು ಅಕ್ಷರ ಇದ್ದರೆ 'ಕರಮ್' ಅಂತ ಓದಿ ಔದಾರ್ಯ ಅನ್ನಬಹುದು, 'ಕೆರ್ಮ್' ಅಂತ ಓದಿ ಹುಳ ಅನ್ನಬಹುದು, 'ಕೆರೆಮ್' ಅಂದರೆ ಮುಖಕ್ಕೆ ಹಚ್ಚುವ ಕ್ರೀಮು. ನಾನು 'ಕರ್ಮ' ಅಂತ ಓದಿದೆ. ನನ್ನ ಮಟ್ಟಿಗೆ ಅದೇ ಸರಿ ಇತ್ತು.

ವ್ಯಾಕರಣ ಮಾತ್ರ ನೆಂಟರ ಮನೆ ಥರ. 'ಮನ್ ಕೆತಾಬ್ ಮೀಖಾನಮ್' ಅಂದರೆ ನಾನು ಪುಸ್ತಕ ಓದುತ್ತೇನೆ. ನಮ್ಮ ಹಾಗೇ ಕ್ರಿಯಾಪದ ಕೊನೆಗೆ. ಅದರ ಬಾಲದಲ್ಲೇ 'ನಾನು' ಇರುವುದರಿಂದ 'ಮನ್' ಬಿಟ್ಟರೂ ನಡೆಯುತ್ತೆ.

ಆರು ತಿಂಗಳಾದ ಮೇಲೆ ಒಂದು ದಿನ ಅಪ್ಪನಿಗೆ ಫೋನ್ ಮಾಡಿದ್ದೆ.

"ಅಪ್ಪಾ, ಖುಷ್ಕಿ ಅಂದ್ರೇನು?"

"ಮಳೆ ನಂಬ್ಕೊಂಡಿರೋ ಹೊಲ."

"ತರಿ?"

"ಕೆರೆ ನೀರಿನ ಗದ್ದೆ."

"ಬಾಗಾಯ್ತು?"

"ತೋಟ ಕಣಪ್ಪ. ಇದ್ನ ಕಲಿಯಕ್ಕೆ ದುಡ್ಡು ಕಟ್ಟಿದೀಯಾ?"

ಕಟ್ಟಿದ್ದೆ. ಖುಷ್ಕ್ ಅಂದರೆ ಒಣಗಿದ್ದು, ತರ್ ಅಂದರೆ ಒದ್ದೆ, ಬಾಗ್ ಅಂದರೆ ತೋಟ. ನಾನು ಒದ್ದಾಡಿ ಕಲಿತ ಪದಗಳು ಅಪ್ಪನ ಬಾಯಲ್ಲಿ ಮೊದಲಿಂದಲೂ ಇದ್ದವು. ಜಮೀನು, ದಸ್ತಾವೇಜು, ದರಖಾಸ್ತು ಎಲ್ಲ ಅದೇ ದಾರಿಯಲ್ಲಿ ಬಂದವು. ಕೊನೆಗೆ ಸುಮ್ಮನೆ ಕೇಳಿದೆ.

"ಬಗರ್ ಹುಕುಂ ಅಂದ್ರೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ನಮ್ದು" ಅಂದರು.

ತಾತ ಕಲ್ಲು ಆಯ್ದು, ಕಳ್ಳಿ ಕಡಿದು ಹಸನು ಮಾಡಿದ ಎರಡು ಎಕರೆ ಅದು. ಕಾಗದದಲ್ಲಿ ಸರ್ಕಾರದ್ದು. ನಮೂನೆ 53ರಲ್ಲಿ ಅಪ್ಪ ಅರ್ಜಿ ಹಾಕಿದಾಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ಅದರ ಸ್ವೀಕೃತಿ ಚೀಟಿ ಈಗಲೂ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇದೆ. ವರ್ಷಕ್ಕೆ ನಾಲ್ಕು ಸಲ ಕಚೇರಿಗೆ ಹೋಗಿ ಹೇಳಿದ್ದನ್ನೇ ಹೇಳಿ ಬರ್ತಾರೆ.

"ಅದು ಫಾರ್ಸಿ ಮಾತಪ್ಪಾ. ಅಪ್ಪಣೆ ಇಲ್ಲದೆ ಅಂತ ಅರ್ಥ."

"ಯಾರ ಅಪ್ಪಣೆ?"

ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ನಾನು ಓದಲು ಹೊರಟಿರುವ ಕಾಗದಗಳೆಲ್ಲ ಅಪ್ಪಣೆ ಕೊಡುವವರು ಬರೆಸಿದ್ದು. ಅದರಲ್ಲಿ ತಾತನಂಥವರು ಸಿಕ್ಕರೂ ಕಂದಾಯದ ಅಂಕಿಯಾಗಿ ಸಿಗುತ್ತಾರೆ, ಇಲ್ಲವೇ 'ಇಲ್ಲದೆ' ಅನ್ನುವ ಪದವಾಗಿ. ಭಾಷೆ ಕಲಿತರೆ ಕಾಗದ ಓದಬಹುದು, ಅದರಲ್ಲಿ ಬರೆಯದೇ ಬಿಟ್ಟವರನ್ನು ಓದುವುದು ಹೇಗೆ? ಹ್ರಸ್ವ ಸ್ವರಗಳ ಹಾಗೆ, ಗೊತ್ತಿರುವವರೇ ತುಂಬಿಕೊಳ್ಳಬೇಕು.

"ಹುಕುಂ ಬಂದ್ರೆ ಆ ಹೆಸ್ರು ಹೋಗುತ್ತಾ?" ಅಪ್ಪ ಕೇಳಿದರು.

"ಹೋಗುತ್ತೆ."

"ಹಂಗಾದ್ರೆ ಓದು."

ಬೆಂಗಳೂರಿಗೆ ಬಂದು ಹತ್ತು ವರ್ಷ ದಾಟಿತು. ಮೂರೂವರೆ ಶತಮಾನ ಹಿಂದಿನ ಸಿರಾದ ಕಂದಾಯ ಹುಡುಕುವ ನಾನು ಅಪ್ಪನ ಜೊತೆ ಆ ಕಚೇರಿಗೆ ಒಂದು ಸಲವೂ ಹೋಗಿಲ್ಲ. ಈ ಸೋಮವಾರ ರಜೆ ಹಾಕಿದ್ದೀನಿ. ಟ್ರಂಕಿನಿಂದ ಚೀಟಿ ತೆಗೆದಿಡಿ ಅಂತ ಹೇಳಿದ್ದೀನಿ. ಅಪ್ಪ ಹೇಳಿದ್ದನ್ನೇ ನಾನೂ ಒಂದು ಸಲ ಹೇಳಿ ಬರಬೇಕು.